ಪಹಣಿ ದಾಖಲೆಗಳೂ ಅವನ್ನು ಕಾಯುವ ಯಂತ್ರಗಳ ಏರ್ಪಾಡೂ

ಪಹಣಿಯು ಎಷ್ಟು ಮುಖ್ಯವಾದ ದಾಖಲೆಯೆಂಬುದು ಹಿಡುವಳಿದಾರರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ಹಿಂದೆ ಇದು ಕೈಬರಹದ ಪುಸ್ತಕಗಳಲ್ಲಿ ಇರುತ್ತಿದ್ದಿತು. 2000ದ ಸುಮಾರಿಗೆ ಪ್ರಾರಂಭವಾದ ‘ಭೂಮಿ’ ಯೋಜನೆಯಿಂದ ಕರ್ನಾಟಕದ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಸೇರಿದುವು. ಮೈಸೂರು ನಗರದ ತಾಲ್ಲೂಕು ಕಚೇರಿಯಲ್ಲಿ ರೈತನಿಗೆ ದೊರೆಯುವ ಪಹಣಿಯೂ ಈ ದಾಖಲೆಗಳಿಂದಲೇ ಅಚ್ಚಾಗತಕ್ಕದ್ದು.

ಹೀಗೆ ಕ್ರಮವಾಗಿ ಜೋಡಿಸಿಟ್ಟ ದಾಖಲೆಗಳ ಸಂಗ್ರಹಕ್ಕೆ ಡೇಟಾಬೇಸ್ ಎಂದೂ, ಅದನ್ನಿಟ್ಟುಕೊಂಡು ಕೇಳಿದವರಿಗೆ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದೂ ಹೆಸರು. ಯೋಜನೆಯ ಮೊದಲ ವರ್ಷಗಳಲ್ಲಿ ತಾಲ್ಲೂಕಿಗೊಂದರಂತೆ ಸರ್ವರುಗಳಿದ್ದುವು. ದಾಖಲೆಯನ್ನು ಯಾರು ತಿದ್ದಬಹುದು, ಯಾರು ಓದಬಹುದು, ಪ್ರತಿಯನ್ನು ಯಾವ ವೇಳೆಯಲ್ಲಿ ತೆಗೆದಿಡಬೇಕು ಎಂಬಿವೇ ಮೊದಲಾದ ಕಟ್ಟಳೆಗಳನ್ನು ಪ್ರತಿಯೊಂದು ಸರ್ವರಿನಲ್ಲಿಯೂ ಏರ್ಪಡಿಸಬೇಕು. ಯಂತ್ರಗಳು ಹಲವಾಗಿದ್ದು, ಈ ಕೆಲಸವನ್ನು ಬೇರೆಬೇರೆಯವರು ಕೈಯಿಂದ ಮಾಡಿದರೆ ಒಂದರಂತೆ ಮತ್ತೊಂದು ಇರಲಾರದು. ಒಂದರಲ್ಲಿ ಪ್ರತಿ ತೆಗೆಯುವುದು ಮರೆತುಹೋಗಬಹುದು; ಇನ್ನೊಂದರಲ್ಲಿ ವರ್ಗವಾಗಿ ಹೋದ ನೌಕರನ ಅಧಿಕಾರವು ಹಾಗೆಯೇ ಉಳಿಯಬಹುದು.

ಈ ದೋಷದ ನಿವಾರಣೆಗಾಗಿ 2005ರಲ್ಲಿ ಪಪೆಟ್, 2012ರಲ್ಲಿ ಆನ್ಸಿಬಲ್ ಎಂಬ ಉಪಕರಣಗಳು ಬಳಕೆಗೆ ಬಂದುವು. ಸರ್ವರು ಯಾವ ಸ್ಥಿತಿಯಲ್ಲಿರಬೇಕೆಂಬುದನ್ನು ಒಂದು ಕಡತದಲ್ಲಿ ಬರೆದಿಟ್ಟರೆ, ಉಪಕರಣವು ಪ್ರತಿಯೊಂದು ಯಂತ್ರವನ್ನೂ ಪರೀಕ್ಷಿಸಿ, ಕೊರತೆಯಿದ್ದಲ್ಲಿ ಮಾತ್ರ ಸರಿಪಡಿಸುವುದು. ನೀರುಗಂಟಿಯು ನೀರಿನ ಮಟ್ಟವನ್ನು ನೋಡಿ, ಸರಿಯಾಗಿದ್ದರೆ ತೂಬನ್ನು ಮುಟ್ಟದೆ ಮುಂದಕ್ಕೆ ಹೋಗುವ ರೀತಿಯೇ ಇದು. ಯಂತ್ರವು ಕೆಟ್ಟರೆ ಅದೇ ಕಡತದಿಂದ ಹೊಸ ಯಂತ್ರವನ್ನು ಬೇಗನೆ ಅಣಿಮಾಡಬಹುದು.

ಆದರೆ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದಾಗಿ, ಈ ಕಡತವು ಯಂತ್ರದ ಏರ್ಪಾಡನ್ನು ಮರಳಿ ಕೊಡುವುದೇ ಹೊರತು ಕಳೆದುಹೋದ ಪಹಣಿಯನ್ನು ಕೊಡಲಾರದು. ಆದಕಾರಣ ದಾಖಲೆಗಳ ಪ್ರತಿಯನ್ನು ಬೇರೊಂದು ಸ್ಥಳದಲ್ಲಿರಿಸಿ, ಅದರಿಂದ ದಾಖಲೆಗಳು ಸರಿಯಾಗಿ ಮರಳಿ ಬರುವುವೇ ಎಂಬುದನ್ನು ಆಗಾಗ್ಗೆ ಪರೀಕ್ಷಿಸತಕ್ಕದ್ದು. ಎರಡನೆಯದಾಗಿ, ಕಡತದಲ್ಲಿ ತಪ್ಪಿದ್ದರೆ ಅದು ಕ್ಷಣಮಾತ್ರದಲ್ಲಿ ಎಲ್ಲ ಯಂತ್ರಗಳಿಗೂ ಹರಡುವುದು. ಹೊಸ ಬೀಜವನ್ನು ಮೊದಲು ಒಂದು ಮಡಿಯಲ್ಲಿ ಬಿತ್ತಿ ನೋಡುವಂತೆ, ಹೊಸ ಕಟ್ಟಳೆಯನ್ನು ಮೊದಲು ಒಂದು ಯಂತ್ರದಲ್ಲಿ ಪ್ರಯೋಗಿಸಿ ನೋಡುವುದು ಲೇಸು.

ಯಂತ್ರವು ಬರೆದುದನ್ನು ಕಾಯುವುದಲ್ಲದೆ, ಬರೆದುದು ನಿಜವೇ ಎಂಬುದನ್ನು ತಾನಾಗಿ ಅರಿಯದು. ಆದುದರಿಂದ ಹಿಡುವಳಿದಾರರು ವರ್ಷಕ್ಕೊಮ್ಮೆಯಾದರೂ ಪಹಣಿಯನ್ನು ಪಡೆದು, ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳನ್ನು ತಾಳೆ ನೋಡಿ, ವ್ಯತ್ಯಾಸವಿದ್ದರೆ ಒಡನೆಯೇ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕು. ಗ್ರಾಮದ ಮುಖಂಡರು ಓದುಬರಹ ಬಾರದವರಿಗೆ ಈ ವಿಷಯದಲ್ಲಿ ನೆರವಾದರೆ ಮುಂದೆ ಉಂಟಾಗುವ ಎಷ್ಟೋ ವ್ಯಾಜ್ಯಗಳು ತಪ್ಪುವುವು.