ಎರಡು ಊರು, ಒಂದು ರಂಗದಾಸೋಹ: ದೇವದುರ್ಗ–ಮಾನ್ವಿಯಲ್ಲಿ ಬೇಸಿಗೆಯ ಸಂಗೀತ ನಾಟಕೋತ್ಸವ ನಡೆಸುವ ಬಗೆ

ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ಶರಣ ದಂಪತಿಗಳ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೂ ತಿಳಿದದ್ದೇ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಹೆಚ್ಚಿನ ಅಕ್ಕಿಯನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಅವರನ್ನು ಹಿಂದಕ್ಕೆ ಕಳುಹಿಸಿದರು. ಅಂದಿನ ದಾಸೋಹಕ್ಕೆ ಅಂದಿನ ಕಾಯಕ ಸಾಕು ಎಂಬುದು ಆ ತಾಯಿಯ ಅಳತೆ. ಈ ಪ್ರಸಂಗವನ್ನು ನಾವು ಪ್ರವಚನಗಳಲ್ಲಿ ಭಕ್ತಿಯಿಂದ ಕೇಳುತ್ತೇವೆ. ಆದರೆ ಉತ್ಸವವೊಂದರ ಲೆಕ್ಕದ ಪುಸ್ತಕವನ್ನು ತೆರೆಯುವಾಗ ನೆನೆಯುವುದು ಕಡಿಮೆ. ದೇವದುರ್ಗ ಮತ್ತು ಮಾನ್ವಿ ಎರಡೂ ಊರುಗಳಲ್ಲಿ ಬೇಸಿಗೆಯ ಸಂಗೀತ ನಾಟಕೋತ್ಸವವನ್ನು ನಡೆಸಬಯಸುವ ಸದ್ಭಕ್ತರು ಮೊದಲು ಕೈಗೆ ತೆಗೆದುಕೊಳ್ಳಬೇಕಾದುದು ಈ ಅಳತೆಯನ್ನೇ. ದುಡಿದವರಿಗೆ ಕೊರತೆಯಾಗಬಾರದು, ಆಡಂಬರಕ್ಕೆ ಹೆಚ್ಚಳವಾಗಬಾರದು.

ಮಠ ಮತ್ತು ರಂಗಭೂಮಿಯ ನಂಟು

ಹಾಡು, ಮಾತು, ಹಾಸ್ಯ ಮೂರನ್ನೂ ಒಂದೇ ಕಥೆಯಲ್ಲಿ ಹೆಣೆಯುವ ನಾಟಕ ನಮಗೆ ಹೊಸದಲ್ಲ. ಬೆಳಗಾವಿ ಸೀಮೆಯ ಶ್ರೀಕೃಷ್ಣ ಪಾರಿಜಾತವು ಸಣ್ಣಾಟದ ರೂಪದಲ್ಲಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯನ್ನೂ ಮುಟ್ಟಿತು. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರು ಅದನ್ನು ಮನೆಮಾತಾಗಿಸಿದರು. 1884ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಹೆಸರಾಯಿತು. ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರ ಪಾತ್ರವನ್ನು ಧರಿಸಿ ಪ್ರೇಕ್ಷಕರ ಕೈ ಮುಗಿಸಿದರು.

ಇವೆಲ್ಲಕ್ಕಿಂತ ನಮಗೆ ಹತ್ತಿರದ ನಿದರ್ಶನ ಗದುಗಿನದು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಸ್ವತಃ ದೃಷ್ಟಿಹೀನರಾಗಿದ್ದು, ಅಂಧ ಹಾಗೂ ಅನಾಥ ಮಕ್ಕಳಿಗೆ ಅನ್ನ ಮತ್ತು ಸಂಗೀತ ವಿದ್ಯೆಯನ್ನು ನೀಡಲು ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಆ ಮಕ್ಕಳ ನಿರ್ವಹಣೆಗೆ ಆಧಾರವಾಗಲೆಂದು ನಾಟಕ ಸಂಘವೂ ಹುಟ್ಟಿತು. ಪುಟ್ಟರಾಜ ಗವಾಯಿಗಳು ನಾಟಕಗಳನ್ನು ರಚಿಸಿದರು, ಅವುಗಳಿಗೆ ಸಂಗೀತವನ್ನೂ ನೀಡಿದರು. ರಂಗದ ಮೇಲಿನ ಹಾಡು ಆಶ್ರಮದ ಒಲೆಯ ಮೇಲಿನ ಅನ್ನವಾಯಿತು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರಂತಹ ಮಹಾನ್ ಗಾಯಕರು ಬಾಲ್ಯದಲ್ಲಿ ನಾಟಕ ಕಂಪನಿಯ ಅನ್ನ ಉಂಡವರೇ. ಆದುದರಿಂದ ನಾಟಕಕ್ಕೆ ಮಠದ ಅಂಗಳವನ್ನು ತೆರೆಯುವುದು ಹೊಸ ಉಪಕ್ರಮವಲ್ಲ, ಹಳೆಯ ಋಣದ ಸಂದಾಯ.

ಎರಡು ಊರು ಏಕೆ?

ಇಂಗ್ಲೆಂಡಿನ ಬಕ್ಸ್‌ಟನ್ ಪಟ್ಟಣದಲ್ಲಿ 1994ರಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಎಂಬ ಜೋಡಿಯ ಹಾಸ್ಯ ಗೀತನಾಟಕಗಳಿಗಾಗಿಯೇ ಬೇಸಿಗೆಯ ಉತ್ಸವವೊಂದು ಆರಂಭವಾಯಿತು. ಮುಂದೆ ಹ್ಯಾರೊಗೇಟ್ ಎಂಬ ಇನ್ನೊಂದು ಪಟ್ಟಣವೂ ಅದಕ್ಕೆ ಆತಿಥ್ಯ ನೀಡಿತು. ಎರಡು ಊರುಗಳು ಸೇರಿದರೆ ತಂಡಗಳನ್ನು ಕರೆಸುವ ವೆಚ್ಚ ಹಂಚಿಹೋಗುತ್ತದೆ, ಕಲಾವಿದರಿಗೆ ಹೆಚ್ಚು ದಿನಗಳ ದುಡಿಮೆ ಸಿಗುತ್ತದೆ. ಆದರೆ ಒಂದು ಊರು ಯಜಮಾನ, ಇನ್ನೊಂದು ಊರು ಅತಿಥಿ ಎಂಬ ಭಾವ ಬಂದರೆ ಉತ್ಸವ ಎರಡನೆಯ ವರ್ಷವನ್ನು ಕಾಣುವುದಿಲ್ಲ.

ದೇವದುರ್ಗವು ಕೃಷ್ಣೆಯ ಕಡೆಯದು, ಮಾನ್ವಿಯು ತುಂಗಭದ್ರೆಯ ಕಡೆಯದು. ಇವೆರಡರ ನಡುವೆ ಸಿರವಾರದ ಮೂಲಕ ದಾರಿಯಿದೆ. ಎರಡಕ್ಕೂ ಸಮಾನವಾಗಿ ನಿಲುಕುವ ರಾಯಚೂರು ನಗರವು ಮೂರನೆಯ ಕಾಲಾಗಬಹುದು. ಅಲ್ಲಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ತಂಡಗಳ ಅಂತಿಮ ತಾಲೀಮು ನಡೆದರೆ, ವಚನ ಗಾಯನಕ್ಕೆ ಹೆಸರಾದ ಆ ಗಾಯಕರ ಸ್ಮರಣೆಯೂ ಆದಂತಾಗುತ್ತದೆ.

ದಿನ ಗೊತ್ತುಮಾಡುವುದು

ಬೇಸಿಗೆ ಎಂದೊಡನೆ ಎಲ್ಲರಿಗೂ ಬಿಡುವು ಎಂದು ತಿಳಿಯುವುದು ತಪ್ಪು. ಮಾನ್ವಿ ಭಾಗದಲ್ಲಿ ಕಾಲುವೆಯ ನೀರು ದೊರೆತ ವರ್ಷ ಎರಡನೆಯ ಭತ್ತದ ಕೊಯ್ಲು ಇದೇ ದಿನಗಳಲ್ಲಿ ಬರುತ್ತದೆ. ದೇವದುರ್ಗ ತಾಲ್ಲೂಕಿನಲ್ಲಿ ಅದಕ್ಕೆ ವಿರುದ್ಧವಾದ ಸ್ಥಿತಿ. ಹತ್ತಿ ಬಿಡಿಸಿ ಮುಗಿದ ಮೇಲೆ ಕೆಲಸವಿಲ್ಲದೆ ಅನೇಕ ಕುಟುಂಬಗಳು ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತವೆ. ಊರಿನಲ್ಲಿ ಉಳಿಯುವವರು ಅಜ್ಜ, ಅಜ್ಜಿ, ಶಾಲೆಯ ಮಕ್ಕಳು. ಗುಳೆ ಹೋದವರು ಊರಿಗೆ ಮರಳುವ ದಿನಗಳಲ್ಲಿ ನಾಟಕವಿಟ್ಟರೆ ಅದು ಊರಿನ ಉತ್ಸವವಾಗುತ್ತದೆ. ಇಲ್ಲವಾದರೆ ಖಾಲಿ ಜಮಖಾನೆಯ ಮುಂದಿನ ಹಾಡಾಗುತ್ತದೆ.

ಎರಡೂ ಕಡೆ ಹೊಂದುವ ನಡುದಾರಿ ಬಸವ ಜಯಂತಿಯ ಆಸುಪಾಸು. ವೈಶಾಖ ಶುದ್ಧ ತದಿಗೆಯಂದು ಊರೂರಿನಲ್ಲಿ ಮೆರವಣಿಗೆ ಇರುವುದರಿಂದ ಆ ದಿನವನ್ನು ಮುಟ್ಟಬಾರದು. ಚೌತಿಯಂದು ರಾಯಚೂರಿನಲ್ಲಿ ತಾಲೀಮು, ಪಂಚಮಿಯಿಂದ ಪ್ರದರ್ಶನ ಎಂದಿಟ್ಟುಕೊಂಡರೆ ಅನುಕೂಲ. ಶುಕ್ಲಪಕ್ಷವಾದುದರಿಂದ ನಾಟಕ ಬಿಟ್ಟ ಮೇಲೆ ಹಳ್ಳಿಗಳಿಗೆ ಮರಳುವವರಿಗೆ ದಿನದಿಂದ ದಿನಕ್ಕೆ ಬೆಳದಿಂಗಳೂ ಹೆಚ್ಚುತ್ತದೆ. ಹಬ್ಬಕ್ಕೆ ಬರುವ ಗುಳೆಯ ಬಂಧುಗಳಿಗೆ ಎರಡು ತಿಂಗಳು ಮೊದಲೇ ದೂರವಾಣಿಯಲ್ಲಿ ದಿನ ತಿಳಿಸುವುದು ಕರಪತ್ರ ಹಂಚುವುದಕ್ಕಿಂತ ಮುಖ್ಯವಾದ ಕೆಲಸ.

ತಂಡಗಳ ಸಂಚಾರ

ಎರಡು ತಂಡಗಳನ್ನು ಕರೆಸುವುದು ಸೂಕ್ತ. ಪಂಚಮಿ, ಷಷ್ಠಿ, ಸಪ್ತಮಿಯ ಮೂರು ರಾತ್ರಿ ಒಂದು ತಂಡ ದೇವದುರ್ಗದಲ್ಲಿ, ಇನ್ನೊಂದು ಮಾನ್ವಿಯಲ್ಲಿ. ಅಷ್ಟಮಿಯಂದು ಊರು ಬದಲಾವಣೆ ಮತ್ತು ವಿಶ್ರಾಂತಿ. ನವಮಿಯಿಂದ ಏಕಾದಶಿಯವರೆಗೆ ಮತ್ತೆ ಮೂರು ರಾತ್ರಿ. ಹೀಗೆ ಪ್ರತಿ ಊರಿಗೂ ಆರು ನಾಟಕ, ಎರಡು ತಂಡ. ಯಾರಿಗೂ ಹೆಚ್ಚು ಕಡಿಮೆಯಿಲ್ಲ. ರಂಗಮಂಟಪ, ದೀಪ, ಧ್ವನಿವರ್ಧಕಗಳು ಆಯಾ ಊರಿನವೇ ಆಗಿರಲಿ. ಕಲಾವಿದರು, ವೇಷಭೂಷಣ, ವಾದ್ಯ ಮತ್ತು ಪರದೆಗಳು ಮಾತ್ರ ಪ್ರಯಾಣ ಮಾಡಿದರೆ ಸಾಕು.

ಬಿಸಿಲು 40 ಡಿಗ್ರಿ ದಾಟುವ ದಿನಗಳಿವು. ಪ್ರಯಾಣ ನಸುಕಿನಲ್ಲಿಯೇ ಮುಗಿಯಬೇಕು, ಮಧ್ಯಾಹ್ನ ಯಾವ ಕಾರ್ಯಕ್ರಮವೂ ಇರಬಾರದು. ಸಂಜೆ ಏಕಾಏಕಿ ಬಿರುಗಾಳಿ ಸಹಿತ ಮಳೆ ಬರುವುದುಂಟು. ಆಗ ಚಿತ್ರದ ಪರದೆಯು ಹಡಗಿನ ಪಟದಂತೆ ಗಾಳಿ ಹಿಡಿದು ಇಡೀ ಮಂಟಪವನ್ನು ಎಳೆಯುತ್ತದೆ. ಕಂಬಗಳಿಗೆ ನಾಲ್ಕೂ ಕಡೆ ಹಗ್ಗವಿರಲಿ, ಪರದೆ ತಕ್ಷಣ ಇಳಿಯುವಂತಿರಲಿ, ವಿದ್ಯುತ್ ಸಂಪರ್ಕ ಜೆಸ್ಕಾಂ ಅನುಮತಿ ಪಡೆದದ್ದೇ ಆಗಿರಲಿ, ಹತ್ತಿರದ ಕಲ್ಯಾಣ ಮಂಟಪವೊಂದು ಬದಲಿಯಾಗಿ ಸಿದ್ಧವಿರಲಿ. ಕಲಾವಿದೆಯರಿಗೆ ಒಳಗಿನಿಂದ ಚಿಲಕವಿರುವ ಪ್ರತ್ಯೇಕ ಬಣ್ಣದ ಕೋಣೆ ಮತ್ತು ಶೌಚಾಲಯ ಇರಲೇಬೇಕು. ಅದಿಲ್ಲದ ಸ್ಥಳವನ್ನು ಒಪ್ಪಬಾರದು.

ಹತ್ತು ಗಂಟೆಯ ಗೆರೆ

ಹಿಂದಿನ ನಾಟಕಗಳು ಬೆಳಗಿನವರೆಗೂ ನಡೆಯುತ್ತಿದ್ದವು. ಇಂದು 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ ಹಾಗೂ ಧಾರ್ಮಿಕ ಸಂದರ್ಭಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆದರೆ ಅದನ್ನೇ ನಂಬಿ ಯೋಜನೆ ಹಾಕಬಾರದು. ಸಂಜೆ 7ಕ್ಕೆ ನಾಂದಿ, 9.45ಕ್ಕೆ ಮಂಗಳ. ಅಂದರೆ ಎರಡೂಮುಕ್ಕಾಲು ಗಂಟೆಯ ನಾಟಕ. ಸ್ವಾಗತ, ಸನ್ಮಾನ, ಭಾಷಣಗಳನ್ನು ಈ ಅವಧಿಯೊಳಗೆ ತುರುಕಿದರೆ ಕೊನೆಗೆ ಕತ್ತರಿ ಬೀಳುವುದು ಹಾಡಿಗೆ. ಆದ್ದರಿಂದ ಗಣ್ಯರ ಮಾತು ಮೊದಲ ದಿನಕ್ಕೆ ಮಾತ್ರ, ಅದೂ 7ರ ಮೊದಲು ಮುಗಿಯಲಿ. ನಾಟಕವನ್ನು ಕಿರಿದುಗೊಳಿಸುವಾಗ ಉದ್ದನೆಯ ಸಂಭಾಷಣೆಗಳನ್ನು ಇಳಿಸಿ ರಂಗಗೀತೆ ಮತ್ತು ಹಾಸ್ಯವನ್ನು ಉಳಿಸಿಕೊಳ್ಳಬೇಕು. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿಯೇ ಕೂಗುತ್ತಾರೆ. ಅದಕ್ಕೆಂದೇ 15 ನಿಮಿಷ ಮೀಸಲಿಡುವುದು ಜಾಣತನ.

ಲಕ್ಕಮ್ಮನವರ ಲೆಕ್ಕ

ಒಂದು ತಂಡದಲ್ಲಿ ನಟನಟಿಯರು, ಹಾರ್ಮೋನಿಯಂ, ತಬಲಾ, ಬಣ್ಣ, ಬೆಳಕು, ಪರದೆ ಎಲ್ಲ ಸೇರಿ 25 ಜನ ಎಂದುಕೊಳ್ಳೋಣ. ಎರಡು ತಂಡಕ್ಕೆ 50 ಜನ. ತಾಲೀಮಿನ ದಿನವೂ ಸೇರಿ ಎಂಟು ದಿನವಾದರೆ 400 ಆಳುದಿನ. ದಿನಕ್ಕೆ ಮೂರು ಹೊತ್ತಿನಂತೆ 1,200 ಎಡೆ. ಊಟದ ಹೊಣೆಯನ್ನು ದಾಸೋಹ ಹೊರಬಲ್ಲದು. ಒಂದೊಂದು ಓಣಿ ಒಂದೊಂದು ದಿನದ ರೊಟ್ಟಿ, ಪಲ್ಯ, ಮಜ್ಜಿಗೆಯನ್ನು ವಹಿಸಿಕೊಂಡರೆ ಯಾರಿಗೂ ಭಾರವಲ್ಲ. ಆದರೆ ಊಟವನ್ನು ಸಂಭಾವನೆಯ ಬದಲಿಗೆ ಕೊಡಬಾರದು. ಶಾಲು, ಹಾರ, ಫಲತಾಂಬೂಲ ನೀಡಿ ‘ಉಳಿದದ್ದು ಆಮೇಲೆ ನೋಡೋಣ’ ಎನ್ನುವುದು ಕಾಯಕಕ್ಕೆ ಮಾಡುವ ಅಪಚಾರ. ತಾಲೀಮಿನ ಮತ್ತು ಪ್ರಯಾಣದ ದಿನಕ್ಕೂ ಕೂಲಿ ಸಲ್ಲಬೇಕು. ಅರ್ಧ ಹಣ ಒಪ್ಪಂದದ ದಿನ, ಉಳಿದರ್ಧ ಏಕಾದಶಿಯ ರಾತ್ರಿ ಬಣ್ಣ ತೊಳೆಯುವ ಮುನ್ನ ಕೈ ಸೇರಬೇಕು. ಈ ಮೊತ್ತ ಕೂಡದಿದ್ದರೆ ಆರು ರಾತ್ರಿಯನ್ನು ನಾಲ್ಕಕ್ಕೆ ಇಳಿಸಿರಿ, ಕೂಲಿಯನ್ನು ಇಳಿಸಬೇಡಿ. ಮೆರಗಿನ ದೀಪತೋರಣ ಮತ್ತು ಗಣ್ಯರ ಕಟೌಟುಗಳೇ ನಾವು ಹಿಂದಿರುಗಿಸಬೇಕಾದ ಹೆಚ್ಚಿನ ಅಕ್ಕಿ.

ಕವಿಯ ಪಾಲನ್ನೂ ಮರೆಯಬಾರದು. ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಕೃತಿಯ ಹಕ್ಕು ಅವರ ವಾರಸುದಾರರದು. ಹವ್ಯಾಸಿ ಸಂಘಗಳು ಉಚಿತವಾಗಿ ಆಡುವ ನಾಟಕಕ್ಕೆ ಕಾನೂನಿನಲ್ಲಿ ವಿನಾಯಿತಿ ಇದ್ದರೂ, ವೃತ್ತಿ ತಂಡವನ್ನು ಕರೆಸುವಾಗ ಲಿಖಿತ ಅನುಮತಿ ಕೇಳಿ ಪಡೆಯುವುದೇ ಧರ್ಮ.

ಮುಂದಿನ ಹಾರ್ಮೋನಿಯಂ ಯಾರದು?

ಕಾಲಿನಿಂದ ತಿದಿಯೊತ್ತಿ ಎರಡೂ ಕೈಗಳಿಂದ ಹಾರ್ಮೋನಿಯಂ ನುಡಿಸುವ ಮಾಸ್ತರರು ಇಂದು ವಿರಳ. ಅವರು ಹೋದರೆ ಪುಸ್ತಕದಲ್ಲಿ ನಾಟಕ ಉಳಿದೀತು, ಅದರ ಮಟ್ಟುಗಳು ಉಳಿಯವು. ಈ ಉತ್ಸವದ ನಿಜವಾದ ಅಳಿವು–ಉಳಿವು ಇರುವುದು ಇಲ್ಲಿ. ಶಾಲೆಗೆ ರಜೆ ಇರುವ ಈ ದಿನಗಳಲ್ಲಿ ಬೆಳಿಗ್ಗೆ 7ರಿಂದ 9ರವರೆಗೆ ಎರಡೂ ಊರಿನಲ್ಲಿ ಮಕ್ಕಳಿಗೆ ರಂಗಗೀತೆ ಕಲಿಸಿ, ಏಕಾದಶಿಯ ನಾಂದಿಯನ್ನು ಅವರಿಂದಲೇ ಹಾಡಿಸಬೇಕು. ಅಜ್ಜಿಯ ಬಳಿ ಉಳಿದ ಮಗು ರಂಗದ ಮೇಲೆ ಹಾಡುವುದನ್ನು ಕೇಳಲೆಂದಾದರೂ ಗುಳೆ ಹೋದ ತಂದೆತಾಯಿ ಒಂದು ರಾತ್ರಿ ಹೆಚ್ಚು ಊರಿನಲ್ಲಿ ನಿಂತಾರು. ಅಂತಹ ಹತ್ತು ಮನೆಗಳಿದ್ದರೂ ಸಾಕು, ಮರುವರ್ಷದ ಉತ್ಸವಕ್ಕೆ ಊರೇ ದಿನ ಕೇಳುತ್ತದೆ.