ಅಪಘಾತದ ನಂತರ ಮತ್ತೆ ಸೈಕಲ್ ಏರುವ ಮುನ್ನ

ನಮ್ಮ ಪ್ಲೆಸೆಂಟನ್ ಬಹುಮಟ್ಟಿಗೆ ಸಮತಟ್ಟಾದ ಊರು. ಬೇಸಿಗೆಯಲ್ಲಿ ಮಳೆಯ ಕಾಟವಿಲ್ಲ. ಹತ್ತಿರದಲ್ಲೇ ಬಾರ್ಟ್ ಮತ್ತು ಏಸ್ ರೈಲು ನಿಲ್ದಾಣಗಳಿವೆ. ಹಾಗಾಗಿ ಮನೆಯಿಂದ ನಿಲ್ದಾಣಕ್ಕೋ ನೇರವಾಗಿ ಆಫೀಸಿಗೋ ಸೈಕಲ್ ತುಳಿಯುವವರು ನಮ್ಮಲ್ಲೂ ಇದ್ದಾರೆ. ಆದರೆ ಒಮ್ಮೆ ಕಾರು ಬಡಿಯಿತೆಂದರೆ? ಗಾಯ ಮಾಯುತ್ತದೆ, ಸೈಕಲ್ ರಿಪೇರಿಯಾಗುತ್ತದೆ, ಭಯ ಮಾತ್ರ ಬೇಗ ಬಿಟ್ಟುಹೋಗುವುದಿಲ್ಲ.

ನಮ್ಮ ಮನೆಯವರು ಕೆಲಸಕ್ಕೆ ಹೋಗುವಾಗ, ಪಕ್ಕದಲ್ಲಿ ಬರುತ್ತಿದ್ದ ಕಾರು ಥಟ್ಟನೆ ಬಲಕ್ಕೆ ತಿರುಗಿ ಬಡಿದು, ಕಾಲರ್ ಬೋನ್ ಮುರಿಯಿತು. ಊರಿನಿಂದ ಅತ್ತೆಯವರು ಫೋನಿನಲ್ಲಿ, "ಆ ಸೈಕಲ್ ಸಹವಾಸವೇ ಬೇಡ ಕಣಪ್ಪಾ" ಎಂದರು. ಮಕ್ಕಳು, "ಅಪ್ಪ ಇನ್ನು ಸೈಕಲ್ ಹೊಡೆಯಲ್ವಾ?" ಎಂದು ಕೇಳಿದರು. ಎರಡಕ್ಕೂ ಉತ್ತರ ಹುಡುಕುತ್ತಾ ನಾವು ತಿಳಿದುಕೊಂಡದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಅಪಘಾತವಾದ ಕೂಡಲೇ

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗೆ, ಬಿದ್ದವರು ತಕ್ಷಣ ಎದ್ದು "ನನಗೇನೂ ಆಗಿಲ್ಲ" ಎಂದುಬಿಡುತ್ತಾರೆ. ಆಘಾತವಾದಾಗ ದೇಹದಲ್ಲಿ ಅಡ್ರಿನಲಿನ್ ಹೆಚ್ಚಾಗಿ, ಸ್ವಲ್ಪ ಹೊತ್ತು ನೋವು ಗೊತ್ತಾಗದಿರಬಹುದು. ಆದ್ದರಿಂದ 911ಕ್ಕೆ ಕರೆ ಮಾಡಿ, ಪೊಲೀಸ್ ವರದಿ ಬರೆಸಿ. ಚಾಲಕರ ಲೈಸೆನ್ಸ್, ವಿಮೆ, ಕಾರಿನ ನಂಬರ್ ಮತ್ತು ಸಾಕ್ಷಿಗಳ ಫೋನ್ ನಂಬರ್ ತೆಗೆದುಕೊಳ್ಳಿ. ತಲೆಗೆ ಪೆಟ್ಟಾಗಿದ್ದರೆ ವೈದ್ಯರನ್ನು ಕಾಣಲೇಬೇಕು. ತಲೆನೋವು, ವಾಂತಿ, ಮಂಪರು ಕೆಲವು ಗಂಟೆಗಳ ನಂತರವೂ ಬರಬಹುದು. ನಿಮ್ಮ ಕಾರಿನ ವಿಮೆಯಲ್ಲಿ "ವಿಮೆಯಿಲ್ಲದ ಚಾಲಕ" ರಕ್ಷಣೆ ಇದ್ದರೆ, ಸಾಮಾನ್ಯವಾಗಿ ನೀವು ಸೈಕಲ್ ಮೇಲಿದ್ದಾಗಲೂ ಅದು ಉಪಯೋಗಕ್ಕೆ ಬರುತ್ತದೆ.

ಹೆಲ್ಮೆಟ್ ಮತ್ತು ಸೈಕಲ್

ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಧರಿಸಬೇಡಿ. ಒಳಗಿನ ಫೋಮ್ ತಾನು ಕುಗ್ಗಿ ಪೆಟ್ಟಿನ ರಭಸವನ್ನು ತಡೆಯುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಮೊದಲಿನಂತಾಗದು. ಹೊರಗೆ ಬಿರುಕು ಕಾಣದಿದ್ದರೂ ಹೊಸದನ್ನೇ ಕೊಳ್ಳಬೇಕು. ಸೈಕಲ್ಲಿನ ಫ್ರೇಮ್, ಮುಂದಿನ ಫೋರ್ಕ್, ಹ್ಯಾಂಡಲ್, ಚಕ್ರಗಳನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಕಾರ್ಬನ್ ಫ್ರೇಮ್ ಆದರೆ ಇನ್ನೂ ಎಚ್ಚರ. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕ್ಯಾಲಿಫೋರ್ನಿಯಾದಲ್ಲಿ ರಸ್ತೆಯ ಮೇಲಿನ ಸೈಕಲ್ ಸವಾರರಿಗೆ ವಾಹನ ಚಾಲಕರ ಹಕ್ಕುಗಳೂ ಇವೆ, ಕರ್ತವ್ಯಗಳೂ ಇವೆ. 2014ರ ಸೆಪ್ಟೆಂಬರ್‌ನಿಂದ, ಸೈಕಲ್ಲನ್ನು ದಾಟುವ ಕಾರು ಕನಿಷ್ಠ 3 ಅಡಿ ಅಂತರ ಬಿಡಬೇಕು. 2023ರಿಂದ, ಪಕ್ಕದ ಲೇನ್ ಖಾಲಿಯಿದ್ದರೆ ಆ ಲೇನಿಗೆ ಹೋಗಿಯೇ ದಾಟಬೇಕು. ಬಲಕ್ಕೆ ತಿರುಗುವ ಕಾರು ತಿರುವಿಗೆ ಮುಂಚಿನ 200 ಅಡಿಯೊಳಗೆ, ಸೈಕಲ್ ಬರುತ್ತಿಲ್ಲವೆಂದು ನೋಡಿಕೊಂಡು, ಸೈಕಲ್ ಲೇನಿಗೆ ಸೇರಿಕೊಂಡು ತಿರುಗಬೇಕು. ಆಚೆಯಿಂದ ಅಡ್ಡ ನುಗ್ಗುವಂತಿಲ್ಲ. 18 ವರ್ಷದೊಳಗಿನವರಿಗೆ ಹೆಲ್ಮೆಟ್ ಕಡ್ಡಾಯ. ಕತ್ತಲಲ್ಲಿ 300 ಅಡಿ ದೂರಕ್ಕೆ ಕಾಣುವ ಬಿಳಿ ದೀಪ ಮುಂದೆ, 500 ಅಡಿಗೆ ಕಾಣುವ ಕೆಂಪು ರಿಫ್ಲೆಕ್ಟರ್ ಅಥವಾ ದೀಪ ಹಿಂದೆ ಇರಬೇಕು.

ಮೆಟ್ಟಿಲು ಮೆಟ್ಟಿಲಾಗಿ

ವೈದ್ಯರು ಒಪ್ಪಿದ ಮೇಲೂ ಮೊದಲ ದಿನವೇ ಆಫೀಸಿಗೆ ಹೊರಡಬೇಕಿಲ್ಲ. ನಾವು ಭಾನುವಾರ ಬೆಳಿಗ್ಗೆ ಐರನ್ ಹಾರ್ಸ್ ಹಾದಿಯಲ್ಲಿ ಆರಂಭಿಸಿದೆವು. ಇದು 1978ರಲ್ಲಿ ನಿಂತುಹೋದ ಸದರ್ನ್ ಪೆಸಿಫಿಕ್ ರೈಲುಮಾರ್ಗದ ಜಾಗ. 1986ರಿಂದ ಹಂತಹಂತವಾಗಿ ತೆರೆದ ಈ ಹಾದಿ ಪ್ಲೆಸೆಂಟನ್‌ನಿಂದ ಕಾಂಕರ್ಡ್ ಕಡೆಗೆ ಸಾಗುತ್ತದೆ. ಇಲ್ಲಿ ಕಾರುಗಳಿಲ್ಲ, ರಸ್ತೆ ದಾಟುವ ಕಡೆ ಮಾತ್ರ ನಿಂತು ನೋಡಬೇಕು. ಡಬ್ಲಿನ್ ಕಡೆಗೆ ಹೋಗುವವರಿಗೆ 580 ಹೆದ್ದಾರಿಯ ಕೆಳಗೆ ಅಲಾಮೊ ಕೆನಾಲ್ ಹಾದಿಯೂ ಇದೆ. ಮುಂದಿನ ವಾರ ಮನೆಗಳ ನಡುವಿನ ರಸ್ತೆಗಳು, ಆಮೇಲೆ ರಜಾದಿನದಂದು ಆಫೀಸಿನ ಪೂರ್ತಿ ದಾರಿ, ಕೊನೆಗೆ ಕೆಲಸದ ದಿನ. ಅಪಘಾತವಾದ ಕವಲಿಗೆ ಮೊದಲು ನಡೆದುಕೊಂಡೇ ಹೋಗಿ, ಕಾರುಗಳು ಹೇಗೆ ತಿರುಗುತ್ತವೆ ಎಂದು ನಿಂತು ನೋಡಿದೆವು. ಯಾವುದು ಅಪಾಯ ಎಂದು ತಿಳಿದಾಗ ಅರ್ಧ ಭಯ ಕಡಿಮೆಯಾಯಿತು. ರಾತ್ರಿ ಕನಸು ಬೀಳುವುದು, ಹಾರ್ನ್ ಕೇಳಿದರೆ ನಡುಗುವುದು ಒಂದು ತಿಂಗಳಾದರೂ ಹೋಗದಿದ್ದರೆ ವೈದ್ಯರಲ್ಲಿ ಹೇಳಿಕೊಳ್ಳಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ನೆನಪಿಡಬೇಕಾದ್ದು

ಮಕ್ಕಳೇ, ಊರಿನಲ್ಲಿ ಎಡಗಡೆ ಹೋದರೆ ಇಲ್ಲಿ ಬಲಗಡೆ. ಎದುರು ದಿಕ್ಕಿನಲ್ಲಿ ಬರುವ ಸೈಕಲ್ಲನ್ನು ತಿರುಗುವ ಚಾಲಕರು ನಿರೀಕ್ಷಿಸಿರುವುದಿಲ್ಲ. ಕವಲಿನಲ್ಲಿ ಕಾರಿನ ಬಲಪಕ್ಕಕ್ಕೆ ನುಗ್ಗದೆ ಹಿಂದೆಯೇ ನಿಲ್ಲಿ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರವಿರಿ. ದೀಪಾವಳಿಯ ಆಸುಪಾಸಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದರಿಂದ ಸಂಜೆ ಐದೂವರೆಗೇ ಕತ್ತಲು. ದೀಪಗಳನ್ನು ಅಕ್ಟೋಬರ್‌ನಲ್ಲೇ ಸಿದ್ಧಮಾಡಿಕೊಳ್ಳಿ.

ಪೋಷಕರಲ್ಲಿ ಒಂದು ವಿನಂತಿ. ನಾವೆಲ್ಲರೂ ಕಾರು ಓಡಿಸುವವರೇ. ಮಕ್ಕಳನ್ನು ಶಾಲೆಗೆ ಬಿಡುವ ಅವಸರದಲ್ಲಿ ಬಲಕ್ಕೆ ತಿರುಗುವ ಮೊದಲು ಒಮ್ಮೆ ಹೆಗಲ ಮೇಲಿಂದ ಹಿಂದಕ್ಕೆ ನೋಡೋಣ. ಅಲ್ಲಿ ಬರುತ್ತಿರುವವರೂ ಯಾರದೋ ಮನೆಯ ಅಪ್ಪ, ಅಮ್ಮ ಅಥವಾ ಮಗು. ನಮ್ಮ ಮನೆಯವರು ಈಗ ವಾರಕ್ಕೆ ಮೂರು ದಿನ ಸೈಕಲ್ಲಿನಲ್ಲಿ ಹೋಗುತ್ತಾರೆ. ತಲುಪಿದ ಕೂಡಲೇ ಮನೆಗೆ ಒಂದು ಫೋನ್ ಮಾಡಬೇಕು ಎಂಬುದು ಮಕ್ಕಳು ಹಾಕಿದ ನಿಯಮ.