ಒಂದೇ ಅಪ್ಪ, ಮೂರು ದುಃಖ

ಮೂವರು ಅಣ್ಣತಮ್ಮಂದಿರು. ಅಪ್ಪ ತೀರಿಕೊಂಡು ಒಂದು ವರ್ಷ ಆಗಿದೆ. ಆ ವರ್ಷವಿಡೀ ಒಬ್ಬರ ಜೊತೆ ಒಬ್ಬರಿಗೆ ಮಾತಿಲ್ಲ. ಒಂದು ದಿನ ಹಿರಿಯವನಿಗೆ ಅನಿಸುತ್ತೆ: ಎಲ್ಲರೂ ಇಂಡಿಯಾಕ್ಕೆ ಹೋಗೋಣ, ರೈಲು ಹತ್ತೋಣ, ದೇವಸ್ಥಾನ ನೋಡೋಣ, ಮತ್ತೆ ಮೊದಲಿನ ಹಾಗೆ ಆಗೋಣ.

ವೆಸ್ ಆಂಡರ್ಸನ್ ನಿರ್ದೇಶನದ ‘ದ ಡಾರ್ಜಿಲಿಂಗ್ ಲಿಮಿಟೆಡ್’ (2007) ಶುರುವಾಗುವುದು ಇಲ್ಲಿಂದ. ಹೆಸರಲ್ಲಿ ಡಾರ್ಜಿಲಿಂಗ್ ಇದ್ದರೂ ಶೂಟಿಂಗ್ ಆಗಿದ್ದು ರಾಜಸ್ಥಾನದಲ್ಲಿ. ಒಂದೂವರೆ ಗಂಟೆಯ ಸಿನಿಮಾ, ಹಿನ್ನೆಲೆಯಲ್ಲಿ ಅಲ್ಲಲ್ಲಿ ಸತ್ಯಜಿತ್ ರೇ ಚಿತ್ರಗಳ ಸಂಗೀತ. ಮುಂದೆ ಕಥೆಯ ತಿರುವುಗಳ ಬಗ್ಗೆಯೂ ಮಾತಾಡ್ತೀನಿ. ಆದರೆ ಇದು ಸಸ್ಪೆನ್ಸ್ ಸಿನಿಮಾ ಅಲ್ಲ, ಕಥೆ ಗೊತ್ತಿದ್ದು ನೋಡಿದರೂ ನಷ್ಟವಿಲ್ಲ.

ಲ್ಯಾಮಿನೇಟ್ ಮಾಡಿದ ಶಾಂತಿ

ಹಿರಿಯವನು ಫ್ರಾನ್ಸಿಸ್ (ಓವನ್ ವಿಲ್ಸನ್). ಬೈಕ್ ಅಪಘಾತವಾಗಿ ತಲೆ ತುಂಬಾ ಬ್ಯಾಂಡೇಜ್. ಈ ಪ್ರವಾಸಕ್ಕೆ ಅವನ ಹತ್ತಿರ ಪಕ್ಕಾ ವೇಳಾಪಟ್ಟಿ ಇದೆ. ಅದನ್ನು ದಿನಾ ತಯಾರು ಮಾಡಿ, ಲ್ಯಾಮಿನೇಟ್ ಮಾಡಿ, ಬಾಗಿಲ ಕೆಳಗಿಂದ ತಳ್ಳೋದಕ್ಕೆ ಒಬ್ಬ ಅಸಿಸ್ಟೆಂಟ್ ಬೇರೆ! ತಮ್ಮಂದಿರು ಏನು ತಿನ್ನಬೇಕು ಅಂತ ಫ್ರಾನ್ಸಿಸ್ ತಾನೇ ಆರ್ಡರ್ ಮಾಡ್ತಾನೆ. ಅವರ ಪಾಸ್‌ಪೋರ್ಟುಗಳನ್ನೂ ಇಸ್ಕೊಂಡು ತನ್ನ ಹತ್ತಿರ ಇಟ್ಟುಕೊಳ್ತಾನೆ.

ಐಟಿಯಲ್ಲಿ ಕೆಲಸ ಮಾಡುವ ನಮಗೆ ಈ ಮನುಷ್ಯ ಚೆನ್ನಾಗಿ ಗೊತ್ತು. ಪ್ರತಿ ಟೀಮಿನಲ್ಲೂ ಒಬ್ಬ ಇರ್ತಾನೆ. ಮಂಗಳವಾರ ರಾಜಿ, ಬುಧವಾರ ಆತ್ಮಜ್ಞಾನ, ಶುಕ್ರವಾರ ಸಂಜೆ ರಿಲೀಸ್ ಅನ್ನೋ ಥರ. ಮೊದಲ ಅರ್ಧ ಗಂಟೆ ನಾನು ಅವನನ್ನು ನೋಡಿ ನಗ್ತಾ ಇದ್ದೆ. ಆಮೇಲೆ ನಗು ಕಮ್ಮಿ ಆಯ್ತು. ಏನೋ ಕೈ ತಪ್ಪಿ ಹೋಗಿದೆ ಅಂತ ಗೊತ್ತಿರುವವನು ಸಿಕ್ಕಿದ್ದನ್ನೆಲ್ಲ ಬಿಗಿಯಾಗಿ ಹಿಡ್ಕೊಳ್ತಾನಲ್ಲ, ಅವನು ಮಾಡ್ತಿರೋದು ಅದು. ತಾನು ಬೇಕೆಂದೇ ಬೈಕನ್ನು ಗುದ್ದಿಸಿದ್ದು ಅಂತ ಅವನು ಹೇಳುವುದು ಚಿತ್ರದಲ್ಲಿ ತುಂಬ ತಡವಾಗಿ. ಆಗ ಆ ವೇಳಾಪಟ್ಟಿ ಬೇರೆಯದೇ ರೀತಿ ಕಾಣುತ್ತೆ.

ಕಿರಿಯವನು ಜ್ಯಾಕ್ (ಜೇಸನ್ ಶ್ವಾರ್ಟ್ಸ್‌ಮನ್), ಕಥೆಗಾರ. ತನ್ನ ಮನೆಯಲ್ಲಿ ನಡೆದದ್ದನ್ನೇ ಬರೆದು, ಪಾತ್ರಗಳೆಲ್ಲ ಕಾಲ್ಪನಿಕ ಅಂತಾನೆ. ಒಬ್ಬರ ಗುಟ್ಟು ಇನ್ನೊಬ್ಬರಿಗೆ, ‘ಅವನಿಗೆ ಹೇಳಬೇಡ’ ಅನ್ನೋ ಷರತ್ತಿನ ಮೇಲೆ, ಐದು ನಿಮಿಷದಲ್ಲಿ ತಲುಪುತ್ತೆ. ಫ್ಯಾಮಿಲಿ ವಾಟ್ಸ್ಯಾಪ್ ಗ್ರೂಪಿನ ಪಕ್ಕದಲ್ಲೇ ಒಬ್ಬರನ್ನು ಬಿಟ್ಟು ಇನ್ನೊಂದು ಗ್ರೂಪ್ ಇರುವ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ.

ಕನ್ನಡಕ ಯಾರ ಪಾಲು?

ನಡುವಿನವನು ಪೀಟರ್ (ಏಡ್ರಿಯನ್ ಬ್ರೋಡಿ). ಅವನ ಹೆಂಡತಿಗೆ ದಿನ ತುಂಬುತ್ತಾ ಬಂದಿದೆ. ಅವನು ಮಾತ್ರ ಇಲ್ಲಿ ರೈಲಿನಲ್ಲಿ, ಅಪ್ಪನ ಪವರ್ ಗ್ಲಾಸು ಹಾಕಿಕೊಂಡು, ಅಪ್ಪನ ರೇಜರ್‌ನಲ್ಲಿ ಗಡ್ಡ ಕೆರೆದುಕೊಳ್ತಾ ಇದ್ದಾನೆ. ಇದನ್ನು ನೋಡಿ ಫ್ರಾನ್ಸಿಸ್‌ಗೆ ಉರಿಯುತ್ತೆ. ಅವು ಮೂವರಿಗೂ ಸೇರಿದ್ದು, ನೀನೊಬ್ಬನೇ ಅಪ್ಪನಿಗೆ ಹತ್ತಿರದವನು ಅನ್ನೋ ಥರ ಯಾಕೆ ಆಡ್ತೀಯ ಅಂತ ಜಗಳ. ಇನ್ನೊಬ್ಬರ ಪವರ್ ಇರುವ ಕನ್ನಡಕದಲ್ಲಿ ಏನೂ ಸರಿಯಾಗಿ ಕಾಣಲ್ಲ, ತಲೆನೋವು ಬರುತ್ತೆ. ಆದರೂ ಪೀಟರ್ ತೆಗೆಯಲ್ಲ.

ಚಿತ್ರದ ತಿರುಳು ನನಗೆ ಸಿಕ್ಕಿದ್ದು ಇಲ್ಲಿ. ಮೂವರಿಗೂ ತೀರಿಹೋಗಿದ್ದು ಒಬ್ಬನೇ ಮನುಷ್ಯ, ಆದರೆ ಮೂವರು ಕಳಕೊಂಡಿದ್ದು ಒಬ್ಬ ಅಪ್ಪನನ್ನಲ್ಲ.

ನಮ್ಮ ಮನೆಯಲ್ಲೂ ಇದು ನಡೀತು. ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಅವನ ಅಪ್ಪ ಸೈಕಲ್ ತುಳಿಯುತ್ತಿದ್ದ, ಮಾರ್ಕ್ಸ್ ಕಾರ್ಡ್ ನೋಡಿ ಕೈ ಎತ್ತುತ್ತಿದ್ದ, ತಿಂಗಳ ಕೊನೆಗೆ ಸಾಲ ಕೇಳುತ್ತಿದ್ದ ಅಪ್ಪ. ನನಗೆ ಸಿಕ್ಕಿದ್ದು ಸ್ಕೂಟರ್ ಬಂದ ಮೇಲಿನ ಅಪ್ಪ. ವರ್ಷದ ತಿಥಿಗೆ ಏನು ಸಿಹಿ ಮಾಡಿಸೋದು ಅಂತ ಮಾತು ಬಂತು. ಅಣ್ಣ ಹೋಳಿಗೆ ಅಂದ, ಅಪ್ಪನಿಗೆ ಪ್ರಾಣ ಅಂತೆ. ಅಪ್ಪ ಸಿಹಿ ಮುಟ್ಟಿದ್ದನ್ನೇ ನಾನು ನೋಡಿಲ್ಲ ಅಂದೆ. ಅಡುಗೆಯವರ ಮುಂದೆಯೇ ವಾದ ಶುರುವಾಯ್ತು. ಅಮ್ಮ ಒಳಗಿಂದ ಬಂದು, ‘ನಿನಗೆ ಬುದ್ಧಿ ಬರೋ ಹೊತ್ತಿಗೆ ಅವರಿಗೆ ಶುಗರ್ ಬಂದಿತ್ತಲ್ಲಪ್ಪ. ಅದಕ್ಕೆ ಮೊದಲು ಒಂದೇ ಸಲಕ್ಕೆ ಆರು ತಿಂತಿದ್ರು’ ಅಂದ್ರು. ಇಬ್ಬರೂ ಸುಮ್ಮನಾದ್ವಿ.

ಆ ಸಿನಿಮಾದ ಮೂವರಿಗೆ ಇಂಥ ಮಾತು ಹೇಳುವವರು ಯಾರೂ ಇರಲಿಲ್ಲ. ಅಮ್ಮ ಇದ್ದಾಳೆ, ಆದರೆ ಅವಳು ಅಪ್ಪನ ಅಂತ್ಯಕ್ರಿಯೆಗೇ ಬಂದಿರಲಿಲ್ಲ.

ನದಿ ದಂಡೆಯ ಊರು

ದೇವಸ್ಥಾನದಲ್ಲಿ ಕೈ ಮುಗಿದಿದ್ದಾಯ್ತು, ನವಿಲುಗರಿ ಹಿಡಿದು ಫ್ರಾನ್ಸಿಸ್ ಹೇಳಿದ ವಿಧಿ ಮಾಡಿದ್ದಾಯ್ತು. ಯಾವುದೂ ಫಲ ಕೊಡಲ್ಲ. ಜಗಳ ಆಡಿ ಆಡಿ ಮೂವರೂ ರೈಲಿನಿಂದ ಹೊರದಬ್ಬಿಸಿಕೊಳ್ತಾರೆ. ಅಪ್ಪನ ಹೆಸರಿನ ಅಕ್ಷರಗಳಿರುವ ಸೂಟ್‌ಕೇಸುಗಳ ರಾಶಿ ಹೊತ್ತು ನಡೆಯುತ್ತಾ ಹೋಗುವಾಗ, ಹಗ್ಗ ಹಿಡಿದು ನದಿ ದಾಟುತ್ತಿರುವ ಮೂವರು ಹುಡುಗರು ಕಾಣ್ತಾರೆ. ತೆಪ್ಪ ಮಗುಚುತ್ತೆ. ಇವರು ನೀರಿಗೆ ಹಾರ್ತಾರೆ. ಇಬ್ಬರು ಹುಡುಗರು ಬದುಕ್ತಾರೆ, ಪೀಟರ್ ಹಿಡಿಯಲು ಹೋದವನು ಉಳಿಯಲ್ಲ. ಆ ಮಗುವನ್ನು ಎತ್ತಿಕೊಂಡು ಬರುವ ಪೀಟರ್, ತನ್ನ ಪಾಲಿನವನನ್ನು ತಾನು ಉಳಿಸಲಿಲ್ಲ ಅನ್ನುವಾಗ, ಇನ್ನೂ ಹುಟ್ಟದ ತನ್ನ ಮಗುವಿನ ಭಯವೂ ಆ ಮಾತಿನಲ್ಲಿ ಕೇಳಿಸುತ್ತೆ.

ಊರಿನವರು ಇವರನ್ನು ಕಳಿಸಿಬಿಡಲ್ಲ, ಶವಸಂಸ್ಕಾರಕ್ಕೆ ಇರಿಸಿಕೊಳ್ತಾರೆ. ಬಿಳಿ ಬಟ್ಟೆ ಹಾಕಿಕೊಂಡು ಮೂವರೂ ಹೊರಡ್ತಾರೆ. ಅಲ್ಲಿಂದ ದೃಶ್ಯ ನೇರವಾಗಿ ಒಂದು ವರ್ಷ ಹಿಂದಕ್ಕೆ ಜಿಗಿಯುತ್ತೆ, ಅವರ ಅಪ್ಪನ ಅಂತ್ಯಕ್ರಿಯೆಯ ದಿನಕ್ಕೆ. ಅವತ್ತು ದಾರಿಯಲ್ಲಿ ಕಾರು ನಿಲ್ಲಿಸಿ ಅವರು ಒಂದು ಗ್ಯಾರೇಜಿಗೆ ನುಗ್ಗಿದ್ದರು. ಅಪ್ಪನ ಪೋರ್ಷೆ ಕಾರು ರಿಪೇರಿಗೆ ಅಲ್ಲಿತ್ತು. ಇನ್ನೂ ರೆಡಿ ಆಗಿಲ್ಲ ಅಂದರೂ ಕೇಳದೆ ಅದನ್ನೇ ಓಡಿಸಿಕೊಂಡು ಹೋಗ್ತೀವಿ ಅಂತ ಹಟ. ಅಂತ್ಯಕ್ರಿಯೆಯ ಹೊತ್ತು ಮೀರುತ್ತಾ ಇದೆ, ಅಪ್ಪನ ಮಕ್ಕಳು ಗ್ಯಾರೇಜಿನಲ್ಲಿ ಕಾರು ತಳ್ತಾ ಇದ್ದಾರೆ. ನಗುವೂ ಬರುತ್ತೆ, ಗಂಟಲೂ ಕಟ್ಟುತ್ತೆ.

ಇಲ್ಲಿ ನನ್ನ ತಕರಾರೂ ಇದೆ. ಸತ್ತ ಹುಡುಗನ ತಂದೆಯ ಪಾತ್ರ ಮಾಡಿರುವುದು ಇರ್ಫಾನ್ ಖಾನ್. ಅಂಥ ನಟನಿಗೆ ಮಾತೇ ಹೆಚ್ಚಿಲ್ಲ. ಮೂವರು ಅಮೆರಿಕನ್ನರು ಎಚ್ಚರಗೊಳ್ಳಲಿ ಅಂತ ನಮ್ಮೂರಿನ ಒಂದು ಮಗು ಸಾಯಬೇಕಾ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆದರೆ ಆ ತಂದೆ ಮಗನ ಮೈ ತೊಳೆಯುವಾಗ ಇರ್ಫಾನ್ ಮುಖ ನೋಡಿ. ಸಿನಿಮಾ ಅವನಿಗೆ ಕೊಡದ ಮಾತನ್ನು ಆ ಮುಖ ಹೇಳುತ್ತೆ.

ಇನ್ನೊಂದು ಗಮನಿಸಿದೆ. ಆ ಊರಿನಲ್ಲಿ ಯಾರೂ ಇವರಿಗೆ ‘ನಿಮ್ಮನ್ನು ನೀವು ಕಂಡುಕೊಳ್ಳಿ’ ಅಂತ ಹೇಳಲ್ಲ. ಬನ್ನಿ, ಕೂತ್ಕೊಳ್ಳಿ, ಜೊತೆಗೆ ನಡೀರಿ ಅಂತಾರೆ, ಅಷ್ಟೇ. ನಮ್ಮಲ್ಲಿ ಹದಿಮೂರು ದಿನ ಮನೆ ತುಂಬಾ ಕೆಲಸ ಇರುತ್ತಲ್ಲ: ಶಾಮಿಯಾನ, ಎಲೆ, ನೆಂಟರಿಗೆ ಫೋನು. ಅಳೋಕೂ ಪುರುಸೊತ್ತಿಲ್ಲ ಅಂತ ಆಗ ಸಿಟ್ಟು ಬರುತ್ತೆ. ಆ ಕೆಲಸವೇ ಅಣ್ಣತಮ್ಮಂದಿರನ್ನು ಒಂದೇ ಕೋಣೆಯಲ್ಲಿ ಇರಿಸುತ್ತೆ ಅನ್ನೋದು ಗೊತ್ತಾಗುವುದು ಹದಿನಾಲ್ಕನೇ ದಿನ, ಎಲ್ಲರೂ ಅವರವರ ಊರಿನ ಬಸ್ಸು ಹತ್ತಿದ ಮೇಲೆ.

ಅಮ್ಮನೂ ಉತ್ತರವಲ್ಲ

ಕೊನೆಗೆ ಮೂವರೂ ಅಮ್ಮನನ್ನು ಹುಡುಕಿಕೊಂಡು ಹೋಗ್ತಾರೆ. ಪೆಟ್ರಿಷಿಯಾ (ಆಂಜೆಲಿಕಾ ಹ್ಯೂಸ್ಟನ್) ಹಿಮಾಲಯದ ತಪ್ಪಲಿನಲ್ಲಿ ಕ್ರೈಸ್ತ ಸನ್ಯಾಸಿನಿಯಾಗಿದ್ದಾಳೆ. ಬೆಳಗಿನ ತಿಂಡಿಗೆ ಯಾರಿಗೆ ಏನು ಅಂತ ಅವಳೇ ಹೇಳಲು ಶುರು ಮಾಡಿದಾಗ, ಫ್ರಾನ್ಸಿಸ್‌ನ ಚಾಳಿ ಎಲ್ಲಿಂದ ಬಂತು ಅಂತ ಒಂದೇ ಕ್ಷಣದಲ್ಲಿ ತಿಳಿಯುತ್ತೆ. ಅಪ್ಪನ ಅಂತ್ಯಕ್ರಿಯೆಗೆ ಯಾಕೆ ಬರಲಿಲ್ಲ ಅಂತ ಕೇಳಿದರೆ, ಬರಲು ಮನಸ್ಸಿರಲಿಲ್ಲ ಅನ್ನುತ್ತಾಳೆ. ಮಾತು ಬೇಡ, ಸುಮ್ಮನೆ ಕೂರೋಣ ಅಂತ ಅವಳೇ ಹೇಳ್ತಾಳೆ. ನಾಲ್ವರೂ ಮುಖ ಮುಖ ನೋಡಿಕೊಂಡು ಕೂರ್ತಾರೆ. ಬೆಳಿಗ್ಗೆ ಎದ್ದರೆ ತಿಂಡಿ ಇದೆ, ಅಮ್ಮ ಇಲ್ಲ.

ಇಷ್ಟು ದೂರ ಬಂದದ್ದು ದಂಡ ಅನಿಸಬೇಕಿತ್ತು, ಅಲ್ವಾ? ಅನಿಸಲ್ಲ. ಕೇಳಬೇಕಾದ್ದನ್ನು ಮೂವರೂ ಒಟ್ಟಿಗೆ ಕೇಳಿದ್ದಾರೆ, ಒಟ್ಟಿಗೇ ಬರಿಗೈಯಾಗಿದ್ದಾರೆ.

ಕೊನೆಯ ರೈಲು

ಕೊನೆಯಲ್ಲಿ ಇನ್ನೊಂದು ರೈಲು ಹಿಡಿಯಲು ಓಡುವಾಗ ಅವರು ಅಪ್ಪನ ಸೂಟ್‌ಕೇಸುಗಳನ್ನೆಲ್ಲ ಎಸೆದು ಹತ್ತುತ್ತಾರೆ. ಎಲ್ಲರೂ ಮೆಚ್ಚಿಕೊಂಡು ಮಾತಾಡುವ ದೃಶ್ಯ ಇದು. ನನಗೆ ಮಾತ್ರ ಸ್ವಲ್ಪ ಸುಲಭವಾಯ್ತು ಅನಿಸಿತು. ಅಪ್ಪನ ಭಾರ ಹಾಗೆ ಪ್ಲಾಟ್‌ಫಾರ್ಮಿನಲ್ಲಿ ಬಿಟ್ಟು ಬರುವಂಥದ್ದಲ್ಲ.

ನನಗೆ ಹಿಡಿಸಿದ್ದು ಅದಾದ ಮೇಲಿನ ಒಂದು ಸಣ್ಣ ಗಳಿಗೆ. ಫ್ರಾನ್ಸಿಸ್ ತಮ್ಮಂದಿರ ಪಾಸ್‌ಪೋರ್ಟುಗಳನ್ನು ವಾಪಸ್ ಕೊಡಲು ಬರ್ತಾನೆ. ನಿನ್ನ ಹತ್ತಿರವೇ ಇರಲಿ ಅಂತಾರೆ ಅವರು. ಅಣ್ಣ ಬದಲಾಗಿಲ್ಲ, ನಾಳೆ ಮತ್ತೆ ಅವನೇ ತಿಂಡಿ ಆರ್ಡರ್ ಮಾಡ್ತಾನೆ. ಅದು ಅವನು ಅಪ್ಪನನ್ನು ಕಳಕೊಂಡ ರೀತಿ ಅಂತ ತಮ್ಮಂದಿರಿಗೆ ಈಗ ಗೊತ್ತು.

ನೀವೂ ನೋಡಿ. ಅಣ್ಣನೋ ತಂಗಿಯೋ ಬೇರೆ ಊರಲ್ಲಿದ್ದರೆ ಒಂದೇ ರಾತ್ರಿ ಇಬ್ಬರೂ ನೋಡಿ. ಮುಗಿದ ಮೇಲೆ ಸಿನಿಮಾ ಹೇಗಿತ್ತು ಅಂತ ಕೇಳದಿದ್ದರೂ ಪರವಾಗಿಲ್ಲ. ‘ನಿನಗೆ ಅಪ್ಪ ಹೇಗಿದ್ರು?’ ಅಂತ ಕೇಳಿ.